ಇವತ್ತೂ ಗೊತ್ತಾಗ್ಲಿಲ್ಲ

ಸತ್ತವರ ಬಗ್ಗೆ ಬರೆದರೆ ಜೊತೆಗೊಂದು ಫೋಟೋ ಹಾಕಬೇಕು. ಇಲ್ಲದಿದ್ದರೆ ಜನ ಓದದೆ ಮೇಲಕ್ಕೆ ತಳ್ಳಿಬಿಡುತ್ತಾರೆ. ಅದಕ್ಕೇ ನಿನ್ನೆ ಕೂತು ಫೋನಿನಲ್ಲಿ ಅಕ್ಕನ ಫೋಟೋ ಹುಡುಕಿದೆ. ಬೇಕಾದಷ್ಟಿವೆ. ಆದರೆ ಎಲ್ಲದರಲ್ಲೂ ಕಾಣುವುದು ಅವಳ ಗಲ್ಲದ ತಳ, ಕತ್ತಿನ ನರ, ಮೂಗಿನ ಹೊಳ್ಳೆ. ಮುಖ ಆಕಾಶಕ್ಕೆ. ಕಬ್ಬಿನ ಗದ್ದೆ ಬದುವಿನಲ್ಲಿ, ಕೆರೆ ಏರಿಯ ಮೇಲೆ, ಮಂಡ್ಯದ ಕೃಷಿ ಕೇಂದ್ರ ವಿ.ಸಿ. ಫಾರಂ ಆಚೆಯ ಬಯಲಿನಲ್ಲಿ, ಎಲ್ಲಿ ನಿಂತಿದ್ದರೂ ಅದೇ ಭಂಗಿ. ಒಂದೇ ಒಂದು ಫೋಟೋದಲ್ಲಿ ಅವಳು ಮೇಲೆ ನೋಡುತ್ತಿಲ್ಲ. ಅದರ ವಿಷಯ ಆಮೇಲೆ ಹೇಳುತ್ತೇನೆ.

ಹೋದ ವಾರ ತೀರಿಕೊಂಡಳು. ಒಡಹುಟ್ಟಿದವಳಲ್ಲ, ನಾನು ಅಕ್ಕ ಅನ್ನುತ್ತಿದ್ದೆ. ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ನಾನು ಅವಳ ಬಗ್ಗೆ ಒಂದು ಸಲ ಪೋಸ್ಟ್ ಹಾಕಿದಾಗ ಅವಳು ಎದುರಿಗೆ ನಿಂತು ಅಳಿಸಿ ಹಾಕಿಸಿದ್ದಳು. ಇನ್ನೊಂದು ಮಾತು. ನಮ್ಮ ಕಡೆ ಅಕ್ಕನಿಗೆ ಬಹುವಚನ ಇಲ್ಲ. ಅವಳು, ಬಂದಳು, ಹೋದಳು ಅಂತಲೇ ಬರೆಯುತ್ತೇನೆ. ಕಾಮೆಂಟಿನಲ್ಲಿ ಬಂದು ಮರ್ಯಾದೆಯ ಪಾಠ ಮಾಡಬೇಡಿ.

ಸುದ್ದಿ ಬಂದಾಗ ನಾನು ಮದ್ದೂರಿನಲ್ಲಿ ಪಿಕಪ್ ಗಾಡಿಯ ಟೈರಿಗೆ ಗಾಳಿ ಹಾಕಿಸುತ್ತಿದ್ದೆ. ಫೋನ್ ಮಾಡಿದ್ದು ನಮ್ಮ ಜೊತೆ ಕೆಲಸ ಮಾಡುವ ಸಿದ್ದರಾಜು. "ಅಕ್ಕ ಓಗ್ಬುಟ್ಲು ಕಣ್ಲಾ" ಅಂದ. ಸರಿ ಅಂದೆ. ಉಳಿದ ಟೈರುಗಳಿಗೂ ಗಾಳಿ ಹಾಕಿಸಿಕೊಂಡೇ ಹೊರಟೆ. ಅಳು ಬರಲಿಲ್ಲ. ಈಗಲೂ ಬಂದಿಲ್ಲ. ಕಾಲು ಮಡಚಿಕೊಂಡು ಬಹಳ ಹೊತ್ತು ಕೂತರೆ ಜೋಮು ಹಿಡಿದು, ಚಿವುಟಿದರೂ ಅದು ಬೇರೆ ಯಾರದೋ ಕಾಲು ಅನ್ನಿಸುತ್ತಲ್ಲ, ಹಾಗಿದೆ. ಯಾರಾದರೂ ಕೇಳಿದರೆ ಚೆನ್ನಾಗಿದ್ದೀನಿ ಅನ್ನುತ್ತಿದ್ದೇನೆ. ಸುಳ್ಳೂ ಅಲ್ಲ.

ಅಕ್ಕನ ಕೆಲಸ ಏನು ಅಂತ ಕೇಳಿದರೆ ನಾನು ಹೇಳುತ್ತಿದ್ದದ್ದು, ಆಳಿಲ್ಲದ ಹೆಲಿಕಾಪ್ಟರ್ ಹಾರಿಸುತ್ತಾಳೆ ಅಂತ. ಮದುವೆ ಮನೆಯಲ್ಲಿ ವಿಡಿಯೋ ತೆಗೆಯುವ ಡ್ರೋನ್ ಅಲ್ಲ. ದೊಡ್ಡ ಹೆಲಿಕಾಪ್ಟರಿನ ಹಾಗೆಯೇ ತಲೆಯ ಮೇಲೊಂದು ಉದ್ದನೆಯ ರೆಕ್ಕೆ, ಬಾಲದಲ್ಲೊಂದು ಪುಟ್ಟದು, ಪೆಟ್ರೋಲ್ ಇಂಜಿನ್. ಉದ್ದ ಒಂದು ಎತ್ತಿನಷ್ಟು, ಸದ್ದು ಮಾತ್ರ ಟ್ರ್ಯಾಕ್ಟರಿನಷ್ಟು. ಕಬ್ಬಿನ ಮೇಲೆ ಔಷಧಿ ಹೊಡೆಯಲಿ, ಜನ ಹೋಗಲಾರದ ಕಡೆ ಸಾಮಾನು ಸಾಗಿಸಲಿ ಅಂತ ಮಾಡಿದ್ದು. ಮಂಡ್ಯದ ಒಂದು ಶೆಡ್ಡಿನಲ್ಲಿ ಇದರ ಮೈ ಕಟ್ಟಿದವನು ಸಿದ್ದರಾಜು. ಕೊಕ್ಕರೆ ಅಂತ ಹೆಸರಿಟ್ಟವನೂ ಅವನೇ. ಒಂದೊಂದು ಬೋಲ್ಟೂ ಅವನ ಕೈಯಲ್ಲಿ ತಿರುಗಿದ್ದು. ಅದರ ತಲೆಯೊಳಗಿನ ಬುದ್ಧಿ ಅಕ್ಕನದು. ಬೆಂಗಳೂರಿನ ಲ್ಯಾಬೊಂದರಲ್ಲಿ ಬಹಳ ಕಾಲ ಇದೇ ಲೆಕ್ಕ ಮಾಡಿ, ಅಲ್ಲಿ ಕಾಗದದ ಮೇಲೆ ಹಾರಿಸಿ ಸಾಕಾಯಿತು ಅಂತ ಮಳವಳ್ಳಿ ಪಕ್ಕದ ತನ್ನ ಊರಿಗೆ, ತಮ್ಮನ ಮನೆಗೆ ವಾಪಸ್ ಬಂದವಳು.

ಆ ಬುದ್ಧಿ ಏನು ಅಂತ ನನ್ನಂಥ ದಡ್ಡನಿಗೂ ತಿಳಿಯುವ ಹಾಗೆ ಹೇಳಿಕೊಟ್ಟಿದ್ದಳು. ಗಾಳಿ ಇಷ್ಟಿದೆ, ಇಂಥ ಕಡೆಯಿಂದ ಬರುತ್ತದೆ ಅಂತ ಮೊದಲೇ ಹೇಳಿದರೆ ಯಾವ ಯಂತ್ರ ಬೇಕಾದರೂ ನಿಲ್ಲುತ್ತದೆ. ಹೇಳದೆ ಕೇಳದೆ ಯಾವುದೋ ಬಂದು ತಳ್ಳಿದಾಗ, ಅದು ಗಾಳಿಯೋ ಭಾರವೋ ಅಂತ ಕೂಡ ಗೊತ್ತಿಲ್ಲದಾಗ, ಎಷ್ಟು ತಳ್ಳಿತು ಅಂತ ತಾನೇ ಅಂದಾಜು ಮಾಡಿಕೊಂಡು ಅಷ್ಟನ್ನೇ ವಾಪಸ್ ತಳ್ಳಿ ನಿಲ್ಲಬೇಕು. ಅಂದಾಜು ಮಾಡಿಕೊಳ್ಳಲು ಅದಕ್ಕೆ ಒಂದು ಚೂರು ಹೊತ್ತು ಬೇಕು. ಆ ಹೊತ್ತಿನಲ್ಲಿ ಅದು ವಾಲುತ್ತದೆ, ಜಾರುತ್ತದೆ, ಇನ್ನೇನು ಬಿತ್ತು ಅನ್ನಿಸುತ್ತದೆ. ಯಾರೂ ಕೈ ಹಾಕದೆ, ಆ ಹೊತ್ತು ದಾಟಿ ಅದು ತಾನಾಗಿ ಸುಧಾರಿಸಿಕೊಳ್ಳುವುದನ್ನು ಒಂದು ಸಲ ನೋಡಬೇಕು. ಅವಳಿಗೆ ಬೇಕಾಗಿದ್ದು ಇಷ್ಟೇ. ಬೇರೆ ಆಸೆ ಇದ್ದದ್ದು ನಾನು ಕಂಡಿಲ್ಲ. ಊಟದಲ್ಲೂ ಇರಲಿಲ್ಲ. ತಮ್ಮನ ಹೆಂಡತಿ ಕಟ್ಟಿಕೊಟ್ಟ ಮುದ್ದೆಯನ್ನು ಮಧ್ಯಾಹ್ನ ಆರಿದ ಸಾರಿನ ಜೊತೆ ನುಂಗಿ, ಏನು ಸಾರು ಅಂತ ಕೇಳಿದರೆ ಬುತ್ತಿ ತೆಗೆದು ನೋಡಿ ಹೇಳುತ್ತಿದ್ದಳು.

ನಾನು ಅವಳಿಗೆ ಗಂಟು ಬಿದ್ದದ್ದು ಗಾಡಿಯಿಂದ. ಸಾಮಾನು ಸಾಗಿಸಲು ಬಾಡಿಗೆಗೆ ಕರೆದಳು, ಹೋದೆ. ಸೀರೆಯ ಮೇಲೆ ತಮ್ಮನ ತುಂಬು ತೋಳಿನ ಶರ್ಟು, ತಲೆಗೆ ಟೋಪಿ. ಮುಂದೆ ಕೂತ್ಕೊಳ್ಳಿ ಮೇಡಂ ಅಂದೆ. ಕೇಳಲಿಲ್ಲ. ಹಿಂದುಗಡೆ ಹತ್ತಿ ಯಂತ್ರದ ಪಕ್ಕ ನಿಂತಳು. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ತನಕ ಏನನ್ನೂ ಹಿಡಿದುಕೊಳ್ಳದೆ ನಿಂತೇ ಬಂದಳು. ಮೇಡಂ ಬ್ಯಾಡ, ಅಕ್ಕ ಅನ್ನು ಅಂದದ್ದು ಇಳಿದ ಮೇಲೆ. ಆಮೇಲೆ ಬಾಡಿಗೆ ಗಾಡಿ ಹೋಗಿ ನಾನು ಕಾಯಂ ಆಳಾದೆ. ಗದ್ದೆಯವರ ಹತ್ತಿರ ಮಾತಾಡಿ ಜಾಗ ಕೇಳುವುದು, ಹುಡುಗರು ಹತ್ತಿರ ಬರದ ಹಾಗೆ ನೋಡಿಕೊಳ್ಳುವುದು, ಇದು ಸ್ಫೋಟ ಆಗಲ್ಲ ಕಣಮ್ಮ ಅಂತ ಹೆಂಗಸರಿಗೆ ಸಮಾಧಾನ ಹೇಳುವುದು ನನ್ನ ಕೆಲಸ.

ಏನನ್ನೂ ಹಿಡಿಯದೆ ನಿಲ್ಲುವುದು ಅವಳ ಹಳೇ ಚಾಳಿ. ಮಳವಳ್ಳಿಯಿಂದ ಮಂಡ್ಯಕ್ಕೆ ದಿನಾ ಪ್ರೈವೇಟ್ ಬಸ್ಸಿನಲ್ಲಿ ಬರುತ್ತಿದ್ದಳು. ಸೀಟು ಖಾಲಿ ಇದ್ದರೂ ನಡುವೆ ನಿಂತು, ಮೇಲಿನ ಕಂಬಿ ಮುಟ್ಟದೆ, ಕೈ ಕಟ್ಟಿಕೊಂಡು. ಕಂಡಕ್ಟರು ಮೊದಮೊದಲು ಬೈದನಂತೆ, ಆಮೇಲೆ ಈಯಮ್ಮಂಗೆ ಯಾವುದೋ ವ್ರತ ಇರಬೇಕು ಅಂತ ಬಿಟ್ಟನಂತೆ. ಯಾಕಕ್ಕ ಅಂದರೆ, ಡ್ರೈವರು ಯಾವಾಗ ಬ್ರೇಕ್ ಹಾಕುತ್ತಾನೋ ನನ್ನ ತಲೆಗೆ ಗೊತ್ತಿಲ್ಲ, ಕಾಲಿಗೆ ಗೊತ್ತಾಗುತ್ತದೆ, ಹೇಗೆ ಗೊತ್ತಾಗುತ್ತೆ ಅಂತ ನೋಡ್ತಾ ಇದ್ದೀನಿ ಅನ್ನುತ್ತಿದ್ದಳು. ಒಂದು ದಿನ ಬಿದ್ದಳು. ಬಿದ್ದದ್ದೂ ಒಬ್ಬ ಹೆಂಗಸಿನ ಟೊಮೆಟೊ ಬುಟ್ಟಿಯ ಮೇಲೆ. ಆವತ್ತು ಡ್ರೈವರು ಬದಲಾಗಿದ್ದ. ಕಾಲು ಮಾತ್ರ ಹಳೇ ಡ್ರೈವರಿನ ಲೆಕ್ಕದಲ್ಲೇ ನಿಂತಿತ್ತು. ಶರ್ಟಿನ ತುಂಬ ಟೊಮೆಟೊ ರಸ ಮೆತ್ತಿಕೊಂಡು ಶೆಡ್ಡಿಗೆ ಬಂದವಳು ಅದನ್ನು ತೊಳೆದುಕೊಳ್ಳದೆ ಲ್ಯಾಪ್‌ಟಾಪ್ ತೆಗೆದಳು.

"ಕಲಿಯೋದು ಬರ್ದಿದ್ದೆ ಕಣ್ಲಾ, ಮರೆಯೋದು ಬರ್ದೇ ಇರ್ಲಿಲ್ಲ. ನೆನ್ನೆ ಗಾಳಿ ನೆನಪಿಟ್ಕಂಡು ಇವತ್ತು ವಾಲಿದ್ರೆ ಬಿದ್ದೋಯ್ತದೆ. ಬಿರ್ರನೆ ಮರ್ತ್‌ಬುಟ್ರೆ, ಗಾಳಿ ಬೀಸ್ದಾಗ್ಲೆಲ್ಲ ಹೊಸ್ದಾಗ್ ಒದ್ದಾಡ್ತದೆ. ಎಷ್ಟು ಮರೀಬೇಕು ಅನ್ನೋದೇ ಕಷ್ಟ."

ಇದು ಒಳ್ಳೇ ಜೀವನದ ಪಾಠ ಆಗುತ್ತೆ ಅಕ್ಕ, ಪೋಸ್ಟ್ ಹಾಕಲಾ ಅಂತ ಕೇಳಿದೆ. ಹಾಕು, ನಿನಗೆ ಬೇರೆ ಏನು ಕೆಲಸ ಇದೆ ಅಂದಳು. ಹಾಕಿದೆ. ಓದಿ ನೋಡಿದ ಮೇಲೆ ಅವಳು ಅಳಿಸಿ ಹಾಕಿಸಿದ್ದು ಅದನ್ನೇ.

ಅವಳ ಕೆಲಸದ ರೀತಿಯಲ್ಲಿ ನನಗೆ ಬಹಳ ಇಷ್ಟವಾಗಿದ್ದು ಗುಟ್ಟಿನ ಭಾರ. ಪ್ರತಿ ಸಲ ಹಾರಿಸುವ ಮೊದಲು ನಾನು ಕೊಕ್ಕರೆಯ ಕಾಲಿಗೆ ಏನಾದರೊಂದು ಕಟ್ಟಬೇಕು. ಏನು, ಎಷ್ಟು ಅಂತ ಅವಳಿಗೂ ಹೇಳಬಾರದು, ಸಿದ್ದರಾಜುಗೂ ಹೇಳಬಾರದು. ಗೋಣಿಚೀಲ ಸುತ್ತಿ ಕಟ್ಟುತ್ತಿದ್ದೆ. ಹೇಳಿಬಿಟ್ಟರೆ ಅದು ಗೊತ್ತಿರುವ ತೊಂದರೆ ಆಗುತ್ತದಂತೆ. ಗೊತ್ತಿರುವ ತೊಂದರೆಗಳಿಗೆ ಅವಳ ಹತ್ತಿರ ಬೆಲೆ ಇರಲಿಲ್ಲ. ಸಿದ್ದರಾಜು ಗಾಳಿ ನೋಡಲು ಒಂದು ಹಿಡಿ ಮಣ್ಣು ತೂರಿದರೂ ಅಕ್ಕ ಆ ಕಡೆ ಮುಖ ತಿರುಗಿಸಿಕೊಂಡು ನಿಲ್ಲುತ್ತಿದ್ದಳು.

ಆಲೆಮನೆಯ ಬೆಲ್ಲದ ಅಚ್ಚು ಕಟ್ಟಿದ್ದೇನೆ. ಅರ್ಧ ನೀರು ತುಂಬಿದ ಕ್ಯಾನು ಕಟ್ಟಿದ್ದೇನೆ, ನೀರು ತುಳುಕಿ ಯಂತ್ರ ಕುಡಿದವನ ಹಾಗೆ ತೂರಾಡಿತ್ತು. ಒಂದು ಸಲ ಬುಟ್ಟಿಯಲ್ಲಿ ನಾಟಿ ಕೋಳಿ ಕೂರಿಸಿ, ಮೇಲೆ ಗೋಣಿ ಹೊಲಿದು ಕಟ್ಟಿಬಿಟ್ಟೆ. ಕೊಕ್ಕರೆ ಮೇಲೆದ್ದಿತು, ನಿಂತಿತು, ಆಮೇಲೆ ಅಲ್ಲಲ್ಲೇ ಸಣ್ಣಗೆ ಅದುರತೊಡಗಿತು. ಅಕ್ಕ ಲ್ಯಾಪ್‌ಟಾಪಿನ ಗೆರೆಗಳನ್ನೇ ನೋಡುತ್ತಾ, "ಏನ್ಲಾ ಕಟ್ಟಿದ್ದೀಯ? ಇದು ಎದ್ದು ಕೂತು ಮಾಡ್ತಾ ಅದೆ" ಅಂದಳು. ಕೆಳಗಿಳಿಸಿ ಗೋಣಿ ಬಿಚ್ಚಿದರೆ ಕೋಳಿ ಕತ್ತು ಎತ್ತಿ ನಮ್ಮನ್ನೆಲ್ಲ ಒಂದು ಸುತ್ತು ನೋಡಿತು. ಕೋಳಿಯ ಒಡತಿ, ಪಕ್ಕದ ಮನೆಯ ಅಜ್ಜಿ, ಬದುವಿನ ಮೇಲೆ ನಿಂತು ಎಲ್ಲವನ್ನೂ ನೋಡಿದ್ದಳು. "ನನ್ ಕೋಳೀನ ಮ್ಯಾಕ್ಕೆ ಕಳ್ಸಿದ್ಯಲ್ಲ, ಅದು ಮೊಟ್ಟೆ ಇಕ್ಕೋದ್ ಬುಟ್ರೆ ನೀನ್ ಇಕ್ತೀಯೇನ್ಲಾ?" ಅಂತ ನನ್ನನ್ನು ಹಿಡಿದುಕೊಂಡಳು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಆವತ್ತು. ಅದರ ಫೋಟೋ ಇಲ್ಲ.

ಆದರೆ ಆ ದಿನವೂ ಕೊಕ್ಕರೆ ತಾನಾಗಿ ನಿಂತಿತೋ ಇಲ್ಲವೋ ಗೊತ್ತಾಗಲಿಲ್ಲ. ಯಾಕೆಂದರೆ ಅದುರಲು ಶುರುವಾದ ತಕ್ಷಣ ಸಿದ್ದರಾಜು ಸ್ವಿಚ್ ತಟ್ಟಿಬಿಟ್ಟಿದ್ದ.

ಇಲ್ಲೇ ಇದ್ದದ್ದು ಎಲ್ಲಾ ತಕರಾರು. ಕೊಕ್ಕರೆ ಹಾರುವಾಗ ಸಿದ್ದರಾಜು ಕತ್ತಿಗೆ ರಿಮೋಟ್ ನೇತುಹಾಕಿಕೊಂಡು ನಿಲ್ಲುತ್ತಿದ್ದ. ಅದರಲ್ಲೊಂದು ಸ್ವಿಚ್. ಮೇಲಿದ್ದರೆ ಅಕ್ಕನ ಕಂಪ್ಯೂಟರು ಹಾರಿಸುತ್ತದೆ, ಕೆಳಗೆ ತಟ್ಟಿದರೆ ಸಿದ್ದರಾಜುವಿನ ಕೈ ಹಾರಿಸುತ್ತದೆ. ತೀರಾ ಅನಾಹುತ ಅಂದಾಗ ಮಾತ್ರ ತಟ್ಟಬೇಕು ಅಂತ ಮಾತು. ಯಂತ್ರ ಒಂದು ಚೂರು ವಾಲಿದರೆ ಸಾಕು, ಅವನ ಹೆಬ್ಬೆರಳು ತಟ್ಟಿಬಿಡುತ್ತಿತ್ತು. ಅವನು ಹಾರಿಸುವುದರಲ್ಲಿ ಗಟ್ಟಿಗ, ಎತ್ತಿ ನಿಲ್ಲಿಸಿಬಿಡುತ್ತಿದ್ದ. ನಿಲ್ಲಿಸಿದ್ದು ಅವನು, ಅಕ್ಕನ ಲೆಕ್ಕ ಅಲ್ಲ. ಅಕ್ಕ ಬೈಯುತ್ತಿರಲಿಲ್ಲ. ಟೋಪಿ ತೆಗೆದು, ಕೂದಲು ಸರಿ ಮಾಡಿಕೊಂಡು, "ಸರಿ. ಇವತ್ತೂ ಗೊತ್ತಾಗ್ಲಿಲ್ಲ" ಅನ್ನುತ್ತಿದ್ದಳು. ಬೈದಿದ್ದರೆ ವಾಸಿಯಾಗಿತ್ತು ಅಂತ ಸಿದ್ದರಾಜು ಎಷ್ಟೋ ಸಲ ನನ್ನ ಹತ್ತಿರ ಹೇಳಿದ್ದಾನೆ.

ಅವನ ತಪ್ಪು ಅಂತಲೂ ಹೇಳಲಾರೆ. ನೀವೇ ಕಟ್ಟಿದ್ದು ಕಣ್ಣೆದುರು ಬೀಳುತ್ತಿದ್ದರೆ ಕೈ ಕಟ್ಟಿಕೊಂಡು ನಿಲ್ಲುತ್ತೀರಾ? ನಾನು ಒಂದು ಸಲ ತಡೆಯಲಾರದೆ ಕೇಳಿದಾಗ, "ನೀನ್ ಮಾತಾಡ್ತೀಯ ಬುಡು. ಬಿದ್ರೆ ಅವ್ಳ ಲೆಕ್ಕ ಲ್ಯಾಪ್‌ಟಾಪಲ್ಲಿ ಅಂಗೇ ಇರ್ತದೆ, ನಂದು ಗುಜರೀಗ್ ಓಯ್ತದೆ" ಅಂದಿದ್ದ.

ಬಿದ್ದದ್ದೂ ಬಿತ್ತು, ಒಂದು ಸಲ. ಮಳವಳ್ಳಿ ಕಡೆ ಒಂದು ಕೆರೆ ಬಯಲಿನಲ್ಲಿ ಅಡ್ಡಗಾಳಿ ಹೊಡೆಯಿತು. ಕಂಪ್ಯೂಟರು ಆಗಲೇ ಗಾಳಿಗೆ ಎದುರಾಗಿ ಬೇಕಾದಷ್ಟು ವಾಲಿಸಿಕೊಂಡಿತ್ತು. ಅದು ಗೊತ್ತಾಗದೆ ಸಿದ್ದರಾಜು ಸ್ವಿಚ್ ತಟ್ಟಿ, ತಾನೂ ಅಷ್ಟೇ ವಾಲಿಸಿದ. ಎರಡೂ ಸೇರಿ ಕೊಕ್ಕರೆ ಮಗುಚಿ ಕೆಸರಿಗೆ ಬಿತ್ತು. ರೆಕ್ಕೆ ಮುರಿದು ಒಂದು ತುಂಡು ಹುಣಸೆ ಮರದಲ್ಲಿ ಸಿಕ್ಕಿಹಾಕಿಕೊಂಡಿತು. ಸಿದ್ದರಾಜು ಕೆಸರಿನಲ್ಲಿ ಕುಕ್ಕರುಗಾಲಲ್ಲಿ ಕೂತು ಬೋಲ್ಟು ಹೆಕ್ಕುತ್ತಿದ್ದ, ತಲೆ ಎತ್ತಲಿಲ್ಲ. ಅಕ್ಕ ಸೀರೆ ಎತ್ತಿ ಸಿಕ್ಕಿಸಿಕೊಂಡು ಅವನ ಪಕ್ಕದಲ್ಲೇ ಕೂತಳು. ಅದು ಸರಿ ಮಾಡ್ತಾ ಇತ್ತು, ನೀನೂ ಸರಿ ಮಾಡಿದೆ, ತಪ್ಪು ಇಬ್ಬರದೂ ಅಲ್ಲ ಅಂದಳು. ಹೆಕ್ಕಿದ ಬೋಲ್ಟುಗಳನ್ನು ಟೋಪಿಯಲ್ಲಿ ತುಂಬಿಕೊಟ್ಟಳು. ಆಮೇಲೆ, ಹೇಳದೆ ಇರಲಾರದೆ ಹೇಳಿದಳು ಅಂತ ಕಾಣುತ್ತೆ, ಇವತ್ತೂ ಗೊತ್ತಾಗಲಿಲ್ಲ ಅಂತ.

ಅವನು ಮತ್ತೆ ಕಟ್ಟಿದ. ಕಟ್ಟಿದ ಮೇಲೆ ಹೆಬ್ಬೆರಳು ಮೊದಲಿಗಿಂತ ಚುರುಕಾಯಿತು.

ಕಾಯಿಲೆಯ ವಿಷಯ ಹೇಳಿದ್ದು ಗಾಡಿಯಲ್ಲಿ. ಆವತ್ತು ಮುಂದಿನ ಸೀಟಿನಲ್ಲಿ ಕೂತಿದ್ದಳು. ಅದೇ ನನಗೆ ಹೊಸದು. ಮಂಡ್ಯದಲ್ಲಿ ಡಾಕ್ಟರ ಹತ್ತಿರ ಬಿಟ್ಟಿದ್ದೆ, ವಾಪಸ್ ಕರೆದುಕೊಂಡು ಬರುತ್ತಿದ್ದೆ. ಹೊಟ್ಟೆಯಲ್ಲಿದ್ದ ಗಡ್ಡೆ ಲಿವರಿಗೂ ಬಂದಿದೆಯಂತೆ ಅಂದಳು, ಪಕ್ಕದ ಗದ್ದೆಗೆ ನೀರು ಬಂದಿದೆಯಂತೆ ಅನ್ನುವ ಹಾಗೆ. ನಾನು ಗೇರು ಬದಲಾಯಿಸಿದೆ. ಬೆಂಗಳೂರಿಗೆ ಹೋಗಿ ದೊಡ್ಡ ಆಸ್ಪತ್ರೆಯಲ್ಲಿ ತೋರಿಸೋಣ ಅಕ್ಕ ಅಂದೆ. ತಮ್ಮ ಆಗಲೇ ತೋರಿಸಿದ್ದನಂತೆ.

"ಇದು ಗೊತ್ತಿರೋ ತೊಂದ್ರೆ ಕಣೋ. ಎಂಗ್ ಶುರುವಾಯ್ತದೆ, ಎಂಗ್ ಮುಗೀತದೆ, ಎಲ್ಲಾ ಬರ್ದಿಟ್ಟವ್ರೆ. ಇದ್ರಲ್ಲಿ ನೋಡೋಕೇನೂ ಇಲ್ಲ."

ಅಷ್ಟು ಹೇಳಿ ಕಿಟಕಿಯ ಆಚೆ ತಲೆ ಹಾಕಿ ಕಬ್ಬಿನ ಗರಿ ಯಾವ ಕಡೆ ಆಡುತ್ತಿದೆ ಅಂತ ನೋಡಿದಳು. ಗಾಳಿಯ ಕಡೆ ಅವಳು ಬೇಕಂತ ನೋಡಿದ್ದನ್ನು ಕಂಡದ್ದು ಅದೇ ಮೊದಲು.

ಅದಾದ ಮೇಲೆ ಬಂತು ಹೊಳೆಯ ಕೆಲಸ. ಶಿವನಸಮುದ್ರದಿಂದ ಕೆಳಗೆ ಹೊಳೆಯ ಒಂದು ಕವಲಿನ ಮೇಲೆ ತಂತಿ ಎಳೆಯಬೇಕಿತ್ತು. ಬಂಡೆ, ಸೆಳೆತ, ತೆಪ್ಪ ಹೋಗುವ ಹಾಗಿಲ್ಲ. ಕಂಟ್ರಾಕ್ಟರು ಅಕ್ಕನ ವಿಷಯ ಯಾರಿಂದಲೋ ಕೇಳಿ ಬಂದ. ಮೊದಲು ಒಂದು ಸಣ್ಣ ನೈಲಾನ್ ಹಗ್ಗ ಆಚೆ ದಡಕ್ಕೆ ಮುಟ್ಟಿಸಿದರೆ ಸಾಕು, ಅದರ ಹಿಂದೆ ದಪ್ಪ ಹಗ್ಗ, ಅದರ ಹಿಂದೆ ತಂತಿ. ಕೊಕ್ಕರೆ ಆ ಹಗ್ಗ ಎಳೆದುಕೊಂಡು ಹೊಳೆ ದಾಟಬೇಕು. ಅಕ್ಕನಿಗೆ ಕಣ್ಣು ಹೊಳೆಯಿತು. ಕಣಿವೆಯ ಗಾಳಿಗೆ ಹೇಳುವವರಿಲ್ಲ ಕೇಳುವವರಿಲ್ಲ. ಹಗ್ಗ ಬಿಚ್ಚಿಕೊಂಡ ಹಾಗೆಲ್ಲ ಭಾರ ಹೆಚ್ಚುತ್ತದೆ, ಜೋತುಬೀಳುತ್ತದೆ, ನೀರಿಗೆ ತಗುಲಿದರೆ ಹೊಳೆಯೇ ಹಿಡಿದು ಜಗ್ಗುತ್ತದೆ. ಗುಟ್ಟಿನ ಭಾರ ಕಟ್ಟಲು ನಾನು ಬೇಕಾಗಿಲ್ಲ.

ಅಷ್ಟು ಹೊತ್ತಿಗೆ ಅವಳ ಶರ್ಟಿನ ತೋಳು ಇಬ್ಬರು ತೂರುವಷ್ಟು ಸಡಿಲವಾಗಿತ್ತು. ಇದು ಕೊನೆಯದು ಅಂತ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಮೂವರಿಗೂ ಗೊತ್ತಿತ್ತು. ದಡಕ್ಕೆ ಹೋಗಿ ಕೊಕ್ಕರೆಯನ್ನು ಇಳಿಸಿದ ಮೇಲೆ ಅಕ್ಕ ಸಿದ್ದರಾಜುವಿನ ಕತ್ತಿನಿಂದ ರಿಮೋಟ್ ತೆಗೆದಳು. ಆಚೆ ದಡದಲ್ಲಿ ಹಗ್ಗ ಹಿಡಿಯಲು ತಿಳಿದವನೇ ಬೇಕು, ನೀನು ಸೇತುವೆ ಸುತ್ತಿ ಹೋಗು ಅಂದಳು. ಹಗ್ಗ ಹಿಡಿಯಲು ಅಲ್ಲಿ ಕಂಟ್ರಾಕ್ಟರಿನ ಆಳುಗಳೇ ಇದ್ದರು. ಸಿದ್ದರಾಜುಗೆ ಅರ್ಥವಾಯಿತು. ಅವನ ಮುಖ ಇಳಿದುಹೋಯಿತು.

"ಬಿದ್ರೆ?" ಅಂದ.

"ಬಿದ್ರೆ ಬಿತ್ತು ಅಂತ ಗೊತ್ತಾಯ್ತದೆ. ಓಗು."

ಅವನು ಹೋದ. ಹೋಗುವ ಮೊದಲು ಕೊಕ್ಕರೆಯ ಬಾಲದ ಹತ್ತಿರ ಬಗ್ಗಿ, ಆಗಲೇ ಬಿಗಿಯಾಗಿದ್ದ ಬೋಲ್ಟೊಂದನ್ನು ಇನ್ನೊಂದು ಸಲ ಬಿಗಿ ಮಾಡಿದ.

ರಿಮೋಟ್ ಬಂದದ್ದು ನನ್ನ ಕತ್ತಿಗೆ. ನನಗೆ ಗಾಳಿಪಟ ಕೂಡ ಹಾರಿಸಲು ಬರುವುದಿಲ್ಲ ಅಂತ ಹೇಳಿದೆ. ಅದಕ್ಕೇ ನಿನ್ನ ಕೈಗೆ ಕೊಟ್ಟಿದ್ದು ಅಂದಳು. ಅದರಲ್ಲೊಂದು ಕೆಂಪು ಗುಂಡಿ ತೋರಿಸಿದಳು. ಕೊಕ್ಕರೆ ಜನರ ಕಡೆ ತಿರುಗಿ ಬಂದರೆ ಮಾತ್ರ ಒತ್ತಬೇಕು. ಒತ್ತಿದರೆ ಇಂಜಿನ್ ನಿಂತು ಇದ್ದಲ್ಲೇ ಬೀಳುತ್ತದೆ. ಜನರ ಕಡೆ ಬರದಿದ್ದರೆ, ಅದು ಏನೇ ಮಾಡಲಿ, ಬೆರಳು ಗುಂಡಿಯ ಮೇಲಿರಬೇಕು, ಒತ್ತಬಾರದು.

ಅವಳು ಬಂಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಳು. ಕೊಕ್ಕರೆ ಎದ್ದಿತು. ಬಾಲದ ಹಿಂದೆ ಹಗ್ಗ ಬಿಚ್ಚಿಕೊಳ್ಳುತ್ತಾ ಹೊಳೆಯ ಮೇಲೆ ಹೋಯಿತು. ಆಚೆ ದಡದಲ್ಲಿ ಸಿದ್ದರಾಜು ಬರಿಗೈಯಲ್ಲಿ ನಿಂತಿದ್ದು ಕಾಣುತ್ತಿತ್ತು. ನಡುಹೊಳೆಗೆ ಬಂದಾಗ ಹಗ್ಗದ ಹೊಟ್ಟೆ ನೀರಿಗೆ ತಾಗಿತು. ಹೊಳೆ ಹಿಡಿದು ಒಂದೇ ಜಗ್ಗು ಜಗ್ಗಿತು. ಕೊಕ್ಕರೆ ಬಾಲ ಕೆಳಗಾಗಿ, ಮೂತಿ ಮೇಲಾಗಿ, ಹಿಂದುಹಿಂದಕ್ಕೆ ಜಾರುತ್ತಾ ನೀರಿನ ಕಡೆ ಇಳಿಯತೊಡಗಿತು. ಕಂಟ್ರಾಕ್ಟರು ಹೋಯ್ತು ಹೋಯ್ತು ಅಂತ ಕೂಗಿಕೊಂಡ. ನನ್ನ ಬೆರಳು ಗುಂಡಿಯ ಮೇಲಿತ್ತು. ಸಿದ್ದರಾಜುವಿನ ಎರಡು ಕೈಯೂ ಎದೆಯ ಮುಂದೆ ಬಂದಿದ್ದವು. ಇಲ್ಲದ ರಿಮೋಟನ್ನು ಹಿಡಿದುಕೊಂಡು, ಎರಡು ಹೆಬ್ಬೆರಳಿನಲ್ಲೂ ಗಾಳಿಯನ್ನು ತಳ್ಳುತ್ತಿದ್ದ. ಅಷ್ಟು ದೂರದಿಂದಲೂ ಅದು ಕಾಣುತ್ತಿತ್ತು.

ಯಾರೂ ಏನೂ ಮಾಡಲಿಲ್ಲ. ಎತ್ತಿ ನಿಲ್ಲಿಸಲು ಯಾರ ಕೈಯಲ್ಲೂ ಏನೂ ಇರಲಿಲ್ಲ.

ಕೊಕ್ಕರೆ ಇಳಿಯುವುದು ನಿಧಾನವಾಯಿತು. ಬಾಲ ಎದ್ದಿತು. ಹಗ್ಗ ಎಷ್ಟು ಜಗ್ಗುತ್ತಿದೆಯೋ ಅಷ್ಟೇ ಮುಂದಕ್ಕೆ ಬಗ್ಗಿಕೊಂಡು, ನೀರಿನಿಂದ ಒಂದಾಳೆತ್ತರದಲ್ಲಿ, ಹಠ ಹಿಡಿದ ಎತ್ತಿನ ಹಾಗೆ ನಿಂತಿತು. ಆಮೇಲೆ ಮುಂದಕ್ಕೆ ಹೊರಟಿತು. ಹಗ್ಗ ನೀರಿನಿಂದ ಬಿಡಿಸಿಕೊಂಡಾಗ ಇನ್ನೊಂದು ಗಂಡಾಂತರ. ಜಗ್ಗಾಟ ತಟ್ಟನೆ ಇಲ್ಲವಾಗಿ ಮುಂದಕ್ಕೆ ಮುಗ್ಗರಿಸಿ ಹಾರಿತು. ಆದರೆ ಹೊಳೆಯ ಎಳೆತವನ್ನು ಬೇಗನೆ ಮರೆತು ನೆಟ್ಟಗಾಯಿತು. ಆಚೆ ದಡದ ಮೇಲೆ ಹಗ್ಗ ಬಿಟ್ಟಿತು. ಸಿದ್ದರಾಜು ಹಿಡಿಯಲಿಲ್ಲ. ಕಂಟ್ರಾಕ್ಟರಿನ ಆಳುಗಳು ಹಿಡಿದರು. ಅವನು ಮಂಡಿಯ ಮೇಲೆ ಕೈಯೂರಿ ಬಗ್ಗಿ ನಿಂತಿದ್ದ.

ಕೊಕ್ಕರೆ ವಾಪಸ್ ಬಂದು ಇಳಿದು ಇಂಜಿನ್ ನಿಂತ ಮೇಲೂ ನನ್ನ ಹೆಬ್ಬೆರಳು ಗುಂಡಿಯಿಂದ ಎದ್ದಿರಲಿಲ್ಲ. ಜೋಮು ಹಿಡಿದು ಮರದ ತುಂಡಾಗಿತ್ತು. ಅಕ್ಕ ಪಕ್ಕದಲ್ಲಿ ನಿಂತು, ತನ್ನ ತಣ್ಣನೆಯ ಬೆರಳುಗಳಿಂದ ಅದನ್ನು ಮೆಲ್ಲಗೆ ಬಿಡಿಸಿದಳು.

"ಸರಿ. ಗೊತ್ತಾಯ್ತು" ಅಂದಳು.

ಹೆಂಗಿತ್ತಕ್ಕ, ಜೀವ ಹೋಗಿ ಬಂತಲ್ಲ ಅಂದೆ.

"ನಾನೆಲ್ಲಿ ನೋಡ್ದೆ? ಅದು ನಿಂತ್ಕತದೆ ಅಂತ ನಂಗೊತ್ತಿತ್ತು. ನಿನ್ ಬೆರಳು ನಿಂತ್ಕತದೋ ಇಲ್ವೋ ಅದೇ ಗೊತ್ತಿರ್ಲಿಲ್ಲ. ಅದ್ನೇ ನೋಡ್ತಾ ಕೂತಿದ್ದೆ."

ಹೇಳಿದೆನಲ್ಲ, ಒಂದು ಫೋಟೋದಲ್ಲಿ ಅವಳು ಮೇಲೆ ನೋಡುತ್ತಿಲ್ಲ ಅಂತ. ಅದು ಕಂಟ್ರಾಕ್ಟರಿನ ಕಡೆಯವನೊಬ್ಬ ಆ ಹೊತ್ತಿನಲ್ಲೇ ತೆಗೆದದ್ದು. ಹಿಂದೆ ಎಲ್ಲರ ಮುಖವೂ ಹೊಳೆಯ ಕಡೆ, ಬಾಯಿ ತೆರೆದುಕೊಂಡು. ಬಂಡೆಯ ಮೇಲೆ ಕೂತ ಒಬ್ಬಳೇ ಹೆಂಗಸು ಕತ್ತು ಬಗ್ಗಿಸಿ, ಪಕ್ಕಕ್ಕೆ ತಿರುಗಿ, ನನ್ನ ಕೈಯನ್ನು ನೋಡುತ್ತಿದ್ದಾಳೆ. ಇಷ್ಟು ವರ್ಷ ಯಾವುದನ್ನು ನೋಡಬೇಕು ಅಂತ ಕಾದಿದ್ದಳೋ ಅದು ಅವಳ ತಲೆಯ ಹಿಂದೆ ನಡೆಯುತ್ತಿದೆ. ಆ ಫೋಟೋನೇ ಇಲ್ಲಿ ಹಾಕಿದ್ದೇನೆ. ಮುಖ ಚೆನ್ನಾಗಿ ಬಂದಿಲ್ಲ.

ಆವತ್ತು ವಾಪಸ್ ಬರುವಾಗ ಸಿದ್ದರಾಜು ಗಾಡಿಯ ಹಿಂದೆ ಕೊಕ್ಕರೆಯ ಜೊತೆ ಕೂತ. ಮಳವಳ್ಳಿಯಲ್ಲಿ ಅಕ್ಕನನ್ನು ಇಳಿಸಿದಾಗ ಕೆಳಗೆ ಧುಮುಕಿ, ನಾನು ಅಲ್ಲಿದ್ದಿದ್ದರೆ ತಟ್ಟುತ್ತಿದ್ದೆ ಅಕ್ಕ ಅಂದ. ಗೊತ್ತು ಕಣೋ ಅಂದಳು. ಅವನ ಭುಜ ತಟ್ಟಿ ಒಳಗೆ ಹೋದಳು. ಆಮೇಲೆ ಅವಳು ಶೆಡ್ಡಿಗೆ ಬರಲಿಲ್ಲ. ನಾವೇ ಹೋಗಿ ನೋಡಿಕೊಂಡು ಬರುತ್ತಿದ್ದೆವು. ಮಂಚದ ಮೇಲೆ ಮಲಗಿ ಫ್ಯಾನು ನೋಡುತ್ತಿದ್ದಳು. ಅದರ ಒಂದು ರೆಕ್ಕೆ ಸೊಟ್ಟಗಿದೆ, ಸರಿ ಮಾಡು ಅಂತ ಸಿದ್ದರಾಜುಗೆ ಹೇಳಿದಳು. ಮಾಡಿದ.

ಮಣ್ಣು ಮಾಡಿದ್ದು ತಮ್ಮನ ಹೊಲದಲ್ಲಿ. ಕಾಲುವೆಯ ಏರಿಯ ಮೇಲೆ ಹೋಗಬೇಕು. ನೀರು ಬಿಟ್ಟಿದ್ದರಿಂದ ಏರಿ ಜಾರುತ್ತಿತ್ತು. ತಮ್ಮ, ಅವರ ಕಡೆಯ ನೆಂಟರು ಚಟ್ಟ ಹೊತ್ತಿದ್ದರು. ನಾನು, ಸಿದ್ದರಾಜು ಪಕ್ಕದಲ್ಲೇ ಗದ್ದೆಗೆ ಇಳಿದು ನಡೆಯುತ್ತಿದ್ದೆವು. ತಿರುವಿನಲ್ಲಿ ಮುಂದಿನವನ ಕಾಲು ಜಾರಿತು. ಚಟ್ಟ ನಮ್ಮ ಕಡೆಗೇ ವಾಲಿತು. ಅವಳ ತಲೆ ಕೆಳಗಾಗಿ, ಹೂವು ಉದುರಿ ಕೆಸರಿಗೆ ಬಿತ್ತು. ಹಿಂದೆ ಯಾರೋ ಹೆಂಗಸು ಅಯ್ಯೋ ಹಿಡ್ಕಳ್ರೋ ಅಂದಳು. ಸಿದ್ದರಾಜುವಿನ ಎರಡೂ ಕೈ ಮೇಲಕ್ಕೆ ಹೋದವು. ಒಂದು ಹೆಜ್ಜೆ ಮುಂದಿಟ್ಟಿದ್ದರೆ ಚಟ್ಟ ಅವನ ಕೈಗೆ ಸಿಗುತ್ತಿತ್ತು.

ಇಡಲಿಲ್ಲ. ಎತ್ತಿದ ಕೈಗಳನ್ನು ಇಳಿಸಿ ಬೆನ್ನ ಹಿಂದೆ ಕಟ್ಟಿಕೊಂಡ.

ಹೊತ್ತವರು ತೂರಾಡಿದರು. ಒಬ್ಬನ ಹೆಗಲು ಇಳಿಯಿತು, ಇನ್ನೊಬ್ಬನ ಹೆಗಲು ಏರಿತು, ಕಾಲು ಕೆಸರಿನಲ್ಲಿ ಗಟ್ಟಿ ನೆಲ ಹುಡುಕಿತು, ಸಿಕ್ಕಿತು. ಚಟ್ಟ ನೆಟ್ಟಗಾಯಿತು. ಮುಂದಕ್ಕೆ ಹೋಯಿತು.

ಸಿದ್ದರಾಜು ಗುಂಡಿ ತೋಡಿದ ಜಾಗದ ತನಕ ಕೈ ಹಿಂದೆ ಕಟ್ಟಿಕೊಂಡೇ ನಡೆದ. ನಾನು ಅವನ ಹಿಂದೆ ನಡೆದೆ. ಅವನು ಬಲಗೈಯ ಹೆಬ್ಬೆರಳನ್ನು ಎಡಗೈ ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದ.